ಸೇಂದಿ ಹುಳಿಯುತ್ತದೆ, ಬಿಯರ್ ಏಕೆ ಹುಳಿಯದು? ಬ್ರಿಟಿಷ್ ಹಾಪ್ಸ್ ಆಯ್ಕೆಯ ಒಳಗುಟ್ಟು

ಬರಗೂರು: ಶಿರಾ ತಾಲ್ಲೂಕಿನ ಬರಗೂರು ಸುತ್ತಮುತ್ತ, ಮಧುಗಿರಿ, ಪಾವಗಡ, ಕೊರಟಗೆರೆ ಸೀಮೆಯ ಹಿರಿಯರಿಗೆ ಸೇಂದಿಯ ಗುಣವನ್ನು ಯಾರೂ ವಿವರಿಸಬೇಕಿಲ್ಲ. ಮುಂಜಾನೆ ಈಚಲು ಮರದಿಂದ ಇಳಿಸಿದ ರಸ ಸಿಹಿಯಾಗಿರುತ್ತದೆ. ಹೊತ್ತೇರಿದಂತೆ ಅದು ನೊರೆಗಟ್ಟಿ ಮತ್ತೇರಿಸುವ ಪಾನೀಯವಾಗುತ್ತದೆ. ಮರುದಿನದ ಹೊತ್ತಿಗೆ ಬಾಯಿಗಿಡಲಾರದಷ್ಟು ಹುಳಿ. ಸಿಹಿಯನ್ನು ಸಿಹಿಯಾಗಿಯೇ ಉಳಿಸಿಕೊಳ್ಳಬೇಕೆಂದರೆ ಗಡಿಗೆಯ ಒಳಮೈಗೆ ಸುಣ್ಣ ಬಳಿಯಬೇಕಿತ್ತು. ಮತ್ತು ಬಂದ ಮೇಲೆ ಅದನ್ನು ಕೆಡದಂತೆ ಇಡುವ ಉಪಾಯ ಮಾತ್ರ ಈ ಸೀಮೆಯ ಯಾರ ಕೈಯಲ್ಲೂ ಇರಲಿಲ್ಲ.

ಬಿಯರ್ ಕೂಡ ಹುದುಗಿಸಿದ ಪಾನೀಯವೇ. ಆದರೂ ಅದು ತಿಂಗಳುಗಟ್ಟಲೆ ಕೆಡದೆ ನಿಲ್ಲುತ್ತದೆ. ಇದಕ್ಕೆ ಬಹುಮಟ್ಟಿಗೆ ಕಾರಣವಾದದ್ದು ಒಂದು ಬಳ್ಳಿಯ ಹೂವು. ಅದರ ಹೆಸರು ಹಾಪ್ಸ್. ಈ ಸೀಮೆಯಿಂದ ಓದಿ, ನೌಕರಿ ಹಿಡಿದು ಇಂಗ್ಲೆಂಡ್, ಅಮೆರಿಕಗಳಲ್ಲಿ ನೆಲೆಸಿದ ಕುಟುಂಬಗಳ ಯುವಕರಲ್ಲಿ ಮನೆಯಲ್ಲಿಯೇ ಬಿಯರ್ ತಯಾರಿಸುವ ಹವ್ಯಾಸ ಅಂಟಿಸಿಕೊಂಡವರಿಗೆ ಮೊದಲು ಎದುರಾಗುವ ಪ್ರಶ್ನೆಯೇ, ಅಂಗಡಿಯಲ್ಲಿ ಹತ್ತಾರು ಹೆಸರುಗಳಲ್ಲಿ ಮಾರಾಟವಾಗುವ ಈ ಹೂವಿನಲ್ಲಿ ಯಾವುದನ್ನು ಆರಿಸಬೇಕು ಎಂಬುದು.

ಮೊದಲು ಕಾನೂನು

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ಅಗತ್ಯ. ಕರ್ನಾಟಕದಲ್ಲಿ ಮನೆಯಲ್ಲಿ ಬಿಯರ್ ತಯಾರಿಸಲು ಅವಕಾಶವಿಲ್ಲ. ಕರ್ನಾಟಕ ಅಬಕಾರಿ ಅಧಿನಿಯಮ 1965ರ 13ನೇ ಪ್ರಕರಣದ ಪ್ರಕಾರ ಪರವಾನಗಿ ಇಲ್ಲದೆ ಯಾವುದೇ ಮಾದಕ ಪಾನೀಯವನ್ನು ತಯಾರಿಸುವಂತಿಲ್ಲ. ತಯಾರಿಸುವ ಉದ್ದೇಶದಿಂದ ಪಾತ್ರೆ, ಸಾಮಗ್ರಿ ಇಟ್ಟುಕೊಳ್ಳುವುದೂ ಅಪರಾಧವೇ. 32ನೇ ಪ್ರಕರಣದಲ್ಲಿ ಸೆರೆವಾಸ ಹಾಗೂ ದಂಡಕ್ಕೆ ಅವಕಾಶವಿದೆ. 'ಮಾರಾಟಕ್ಕಲ್ಲ, ಮನೆಬಳಕೆಗೆ' ಎಂಬ ಸಬೂಬು ನಡೆಯದು. ರಾಜ್ಯದ ಒಳನಾಡಿನಲ್ಲಿ 2004ರಲ್ಲಿ ಸೇಂದಿ, 2007ರ ಜುಲೈನಲ್ಲಿ ರಾಜ್ಯದೆಲ್ಲೆಡೆ ಸಾರಾಯಿ ನಿಷೇಧಗೊಂಡು, ಈಚಲು ಮರವನ್ನೇ ನಂಬಿದ್ದ ಕುಟುಂಬಗಳು ಬೇರೆ ಕಸುಬು ಹುಡುಕಿಕೊಳ್ಳಬೇಕಾಗಿ ಬಂದದ್ದು ಈ ಭಾಗದ ಜನರಿಗೆ ನೆನಪಿದ್ದೇ ಇದೆ. ಸೇಂದಿಗೆ ಇಲ್ಲದ ರಿಯಾಯಿತಿ ಮನೆಯ ಬಿಯರ್‌ಗೂ ಇಲ್ಲ.

ಪರವಾನಗಿ ಪಡೆದವರ ಮಾತು ಬೇರೆ. ಬೆಂಗಳೂರಿನ ಮೊದಲ ಮೈಕ್ರೊಬ್ರೂವರಿ ಬಾಗಿಲು ತೆರೆದದ್ದು 2011ರಲ್ಲಿ. ಆ ಬಳಿಕ ಇಂತಹ ಹಲವಾರು ಘಟಕಗಳು ತಲೆಯೆತ್ತಿದವು.

ಬ್ರಿಟನ್ನಿನಲ್ಲಿ ಪರಿಸ್ಥಿತಿ ಸಂಪೂರ್ಣ ಭಿನ್ನ. ಅಲ್ಲಿಯೂ 1880ರಿಂದ ಮನೆಯ ಬಿಯರ್‌ಗೆ ಪರವಾನಗಿ ಬೇಕಿತ್ತು. 1963ರ ಬಜೆಟ್‌ನಲ್ಲಿ ಹಣಕಾಸು ಸಚಿವ ರೆಜಿನಾಲ್ಡ್ ಮಾಡ್ಲಿಂಗ್ ಅದನ್ನು ರದ್ದುಪಡಿಸಿದರು. ಸ್ವಂತ ಬಳಕೆಗಾದರೆ ಯಾರ ಅಪ್ಪಣೆಯೂ ಬೇಡ, ಮಾರುವಂತಿಲ್ಲ ಅಷ್ಟೆ. ಅಮೆರಿಕದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾಯ್ದೆಯು ಕೇಂದ್ರ ಮಟ್ಟದಲ್ಲಿ ಈ ಹವ್ಯಾಸಕ್ಕೆ ತೆರಿಗೆ ವಿನಾಯಿತಿ ನೀಡಿತು. ಅಲಬಾಮಾ, ಮಿಸಿಸಿಪ್ಪಿ ರಾಜ್ಯಗಳು ಒಪ್ಪಿದ್ದು 2013ರಷ್ಟು ತಡವಾಗಿ. ಆದ್ದರಿಂದ ಮುಂದಿನ ವಿವರಗಳು ಕಾನೂನು ಅನುಮತಿಸುವ ಕಡೆ ಇರುವವರಿಗೆ ಕೈಪಿಡಿ, ಊರಿನಲ್ಲಿರುವವರಿಗೆ ತಿಳಿವಳಿಕೆ.

ಹೂವು ಮಾಡುವ ಕೆಲಸ

ಹಾಪ್ಸ್ ಭಂಗಿಯ ಕುಟುಂಬಕ್ಕೆ ಸೇರಿದ ಬಳ್ಳಿ, ಆದರೆ ಭಂಗಿಯಲ್ಲಿರುವ ಮತ್ತಿನ ಅಂಶ ಇದರಲ್ಲಿಲ್ಲ. ಪರಂಗಿ ಗಿಡದಂತೆ ಇದರಲ್ಲಿಯೂ ಗಂಡು, ಹೆಣ್ಣು ಬೇರೆ ಬೇರೆ. ಬಿಯರ್‌ಗೆ ಬೇಕಾದದ್ದು ಹೆಣ್ಣು ಬಳ್ಳಿಯ ಹಸಿರು ಹೂಗೊಂಚಲು. ಅದರ ಎಸಳುಗಳ ಬುಡದಲ್ಲಿ ಲುಪುಲಿನ್ ಎಂಬ ಅಂಟಂಟಾದ ಹಳದಿ ಪುಡಿ ಇರುತ್ತದೆ. ಕಹಿ ಕೊಡುವ ಆಲ್ಫಾ ಆಮ್ಲಗಳೂ ಪರಿಮಳ ಕೊಡುವ ತೈಲಗಳೂ ಇರುವುದು ಆ ಪುಡಿಯಲ್ಲಿಯೇ.

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ ತೆಗೆದ ಸಿಹಿರಸವನ್ನು ಕುದಿಸುವಾಗ ಹಾಪ್ಸ್ ಹಾಕುತ್ತಾರೆ. ದೀರ್ಘಕಾಲ ಕುದಿದರೆ ಆಲ್ಫಾ ಆಮ್ಲಗಳು ರೂಪಾಂತರಗೊಂಡು ರಸದಲ್ಲಿ ಕರಗುತ್ತವೆ. ಕಹಿ ಬರುವುದು ಹೀಗೆ. ಪರಿಮಳದ ತೈಲಗಳದು ಇದಕ್ಕೆ ವಿರುದ್ಧ ಸ್ವಭಾವ. ಹೆಚ್ಚು ಕುದಿಸಿದರೆ ಹಬೆಯೊಂದಿಗೆ ಹಾರಿಹೋಗುತ್ತವೆ. ಒಗ್ಗರಣೆಗೆ ಇಂಗು ಯಾವಾಗ, ಕೊತ್ತಂಬರಿ ಸೊಪ್ಪು ಯಾವಾಗ ಎಂಬ ಲೆಕ್ಕ ಬಲ್ಲ ಗೃಹಿಣಿಯರಿಗೆ ಇದು ಹೊಸ ವಿಷಯವೇನಲ್ಲ. ಕಹಿಗೆ ಬೇಕಾದದ್ದನ್ನು ಒಂದು ಗಂಟೆ ಮೊದಲು, ಪರಿಮಳಕ್ಕೆ ಬೇಕಾದದ್ದನ್ನು ಕೊನೆಯ ಐದು, ಹತ್ತು ನಿಮಿಷಗಳಲ್ಲಿ ಹಾಕಬೇಕು. ಹುದುಗಿದ ನಂತರ ಪೀಪಾಯಿಗೆ ಒಂದು ಹಿಡಿ ಒಣ ಹೂವು ಹಾಕಿಬಿಡುವ ಪದ್ಧತಿಯೂ ಇಂಗ್ಲೆಂಡಿನಲ್ಲಿ ಹಳೆಯದು.

ಈ ಕಹಿಯೇ ಕಾವಲುಗಾರ. ಹುಳಿ ಹುಟ್ಟಿಸುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಹಾಪ್ಸ್ ಆಮ್ಲದ ಎದುರು ಬದುಕಲಾರವು. ಯೀಸ್ಟ್‌ಗೆ ಮಾತ್ರ ಅದರಿಂದ ಬಾಧೆಯಿಲ್ಲ. ಆದರೆ ವಿನೆಗರ್ ಹುಳಿ ತರುವ ಅಸಿಟಿಕ್ ಬ್ಯಾಕ್ಟೀರಿಯಾಗಳನ್ನು ಹಾಪ್ಸ್ ತಡೆಯುವುದಿಲ್ಲ, ಅವುಗಳಿಗೆ ಗಾಳಿ ಸಿಗದಂತೆ ಮಾಡುವುದೊಂದೇ ದಾರಿ. ಬಾಯಿ ತೆರೆದ ಗಡಿಗೆಯಲ್ಲಿ ಸಂಗ್ರಹವಾಗುವ ಸೇಂದಿಗೆ ಕುದಿತವೂ ಇಲ್ಲ, ಹಾಪ್ಸೂ ಇಲ್ಲ, ಮುಚ್ಚಳವೂ ಇಲ್ಲ.

ಇಂಗ್ಲೆಂಡಿನ ಜನರೂ ಒಂದು ಕಾಲಕ್ಕೆ ಹಾಪ್ಸ್ ಹಾಕದ 'ಏಲ್' ಕುಡಿಯುತ್ತಿದ್ದವರೇ. ಹಾಪ್ಸ್ ಹಾಕಿದ ಬಿಯರ್ ಅಲ್ಲಿ ಬೇರೂರಿದ್ದು 15ನೇ ಶತಮಾನದಲ್ಲಿ, ಸಮುದ್ರದಾಚೆಯ ಫ್ಲಾಂಡರ್ಸ್ ಪ್ರಾಂತ್ಯದವರ ಮೂಲಕ. ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ತಿಂಗಳುಗಟ್ಟಲೆ ಪಯಣಿಸಿ ಮದ್ರಾಸ್, ಕಲ್ಕತ್ತ, ಬೊಂಬಾಯಿ ಬಂದರುಗಳಿಗೆ ಬರುತ್ತಿದ್ದ ಬಿಯರ್‌ಗೆ ಹೆಚ್ಚು ಹಾಪ್ಸ್ ಹಾಕುವ ರೂಢಿ ಬೆಳೆಯಿತು. ಇಂದಿಗೂ 'ಇಂಡಿಯಾ ಪೇಲ್ ಏಲ್' ಎಂಬ ಹೆಸರಿನಲ್ಲಿ ಇಂಡಿಯಾ ಉಳಿದಿರುವುದು ಆ ಕಾರಣಕ್ಕೆ. ಕರ್ನಾಟಕಕ್ಕೆ ಸಂಬಂಧಿಸಿದ ದೊಡ್ಡ ಹೆಸರಾದ ಯುನೈಟೆಡ್ ಬ್ರೂವರೀಸ್ ಕೂಡ ಸ್ಕಾಟ್ಲೆಂಡ್ ಮೂಲದ ಥಾಮಸ್ ಲೀಷ್ಮನ್ ಎಂಬಾತ ದಕ್ಷಿಣ ಭಾರತದ ಬ್ರೂವರಿಗಳನ್ನು ಒಗ್ಗೂಡಿಸಿ 1915ರಲ್ಲಿ ಕಟ್ಟಿದ ಸಂಸ್ಥೆ.

ಹೆಸರು ಹಲವು, ಗುಣ ಬೇರೆ ಬೇರೆ

ಬ್ರಿಟಿಷ್ ಹಾಪ್ಸ್‌ನ ಸ್ವಭಾವ ಮೃದು. ಅಮೆರಿಕದ ಹೊಸ ತಳಿಗಳಂತೆ ಮಾವಿನ ಹಣ್ಣು, ಚಕೋತದ ವಾಸನೆ ಮುಖಕ್ಕೆ ರಾಚುವುದಿಲ್ಲ. ಹಾಗಾಗಿ ಮೊದಲ ಬಾರಿ ಇದನ್ನು ಬಳಸುವವರು 'ಸಪ್ಪೆ' ಎನ್ನುವುದುಂಟು. ಆದರೆ ಮಾಲ್ಟ್‌ನ ರುಚಿಯನ್ನು ಅಡಗಿಸದೆ ಜೊತೆಗೆ ನಡೆಯುವುದೇ ಇದರ ವಿಶೇಷ.

ಎರಡು ಹಳೆಯ ತಳಿಗಳಿಂದಲೇ ಆರಂಭಿಸುವುದು ಕ್ಷೇಮ. ಈಸ್ಟ್ ಕೆಂಟ್ ಗೋಲ್ಡಿಂಗ್ಸ್ ಅವುಗಳಲ್ಲಿ ಹಿರಿಯದು. ಜೇನು, ಕಿತ್ತಳೆ ಸಿಪ್ಪೆ, ಹೂವಿನ ಲಘುವಾದ ಪರಿಮಳ ಇದರದು. ತಿಳಿಬಣ್ಣದ ಪೇಲ್ ಏಲ್, ಬಿಟ್ಟರ್ ಎಂದು ಕರೆಯಲಾಗುವ ದಿನಬಳಕೆಯ ಬಿಯರ್‌ಗೆ ಇದಕ್ಕಿಂತ ಹೊಂದುವ ತಳಿ ಇಲ್ಲವೆಂದರೂ ತಪ್ಪಾಗದು. ಆಲ್ಫಾ ಆಮ್ಲ ಶೇ 4ರಿಂದ 6ರ ಆಸುಪಾಸು. ಎರಡನೆಯದು 19ನೇ ಶತಮಾನದಲ್ಲಿ ಕೆಂಟ್ ಪ್ರಾಂತ್ಯದಲ್ಲಿ ಪ್ರಚಾರಕ್ಕೆ ಬಂದ ಫಗಲ್. ಒದ್ದೆ ಮಣ್ಣು, ತರಗೆಲೆ, ಹಸಿ ಕಟ್ಟಿಗೆ ನೆನಪಿಸುವ ಗಂಧ. ಕಪ್ಪು ಬಣ್ಣದ ಸ್ಟೌಟ್, ಪೋರ್ಟರ್, ಕಹಿ ಕಡಿಮೆಯಿರುವ ಮೈಲ್ಡ್‌ಗೆ ಹೇಳಿ ಮಾಡಿಸಿದ್ದು. ಆಲ್ಫಾ ಶೇ 3ರಿಂದ 5.5.

ಹೆಸರಿನಲ್ಲಿ ಮೋಸಹೋಗುವ ಸಾಧ್ಯತೆಯೂ ಇದೆ. 'ಸ್ಟಿರಿಯನ್ ಗೋಲ್ಡಿಂಗ್' ಎಂದು ಮಾರಾಟವಾಗುವುದು ಗೋಲ್ಡಿಂಗ್ ಅಲ್ಲ, ಸ್ಲೊವೇನಿಯಾದಲ್ಲಿ ಬೆಳೆದ ಫಗಲ್!

ಉಳಿದ ತಳಿಗಳ ಹಿಂದೆ ರೋಗದ ಕಥೆಯಿದೆ. 20ನೇ ಶತಮಾನದ ಪೂರ್ವಾರ್ಧದಲ್ಲಿ ಕೆಂಟ್‌ನ ಹಾಪ್ಸ್ ತೋಟಗಳಿಗೆ ಮಣ್ಣಿನಿಂದ ಹರಡುವ ವರ್ಟಿಸಿಲಿಯಂ ಸೊರಗು ರೋಗ ತಗುಲಿತು. ಅಡಿಕೆ, ತೆಂಗಿನ ತೋಟಗಳಲ್ಲಿ ರೋಗದ ಪಾಡು ಕಂಡ ತುಮಕೂರು ಜಿಲ್ಲೆಯ ಬೆಳೆಗಾರರಿಗೆ ಆ ಸಂಕಟ ಅರ್ಥವಾಗದ್ದಲ್ಲ. ಕೆಂಟ್‌ನ ವೈ ಕಾಲೇಜಿನಲ್ಲಿ ಪ್ರೊ. ಇ.ಎಸ್. ಸಾಮನ್ 1906ರಲ್ಲಿಯೇ ತಳಿ ಸಂವರ್ಧನೆ ಆರಂಭಿಸಿದ್ದರು. ಕೆನಡಾದ ಮ್ಯಾನಿಟೋಬಾದಿಂದ ತರಿಸಿದ ಕಾಡು ಹಾಪ್ಸ್‌ನೊಂದಿಗೆ ಇಂಗ್ಲಿಷ್ ತಳಿಗಳನ್ನು ಕೂಡಿಸಿ ಹೆಚ್ಚು ಕಹಿಯ ಹೊಸ ತಳಿಗಳನ್ನು ಪಡೆದವರು ಅವರೇ. ಜಗತ್ತಿನ ಅನೇಕ ಕಹಿ ಹಾಪ್ಸ್‌ಗಳ ವಂಶಾವಳಿ ಆ ಕಾಡುಬಳ್ಳಿಗೆ ಮುಟ್ಟುತ್ತದೆ. ಅದೇ ಮೂಲದ ಬ್ರಾಮ್ಲಿಂಗ್ ಕ್ರಾಸ್ ತಳಿಗೆ ಕಪ್ಪು ದ್ರಾಕ್ಷಿಯನ್ನು ಹೋಲುವ ಹಣ್ಣಿನ ಪರಿಮಳವಿದೆ. ಒಂದು ಕಾಲಕ್ಕೆ ಇದನ್ನು ದೋಷವೆಂದು ಬ್ರೂವರಿಗಳು ದೂರವಿಟ್ಟಿದ್ದವು, ಈಗ ಅದಕ್ಕಾಗಿಯೇ ಹುಡುಕಿ ಕೊಳ್ಳುತ್ತಾರೆ.

1970ರ ದಶಕದಲ್ಲಿ ವೈ ಕಾಲೇಜಿನಿಂದಲೇ ಬಂದ ಮೂರು ತಳಿಗಳು ಇಂದಿಗೂ ಚಾಲ್ತಿಯಲ್ಲಿವೆ. ಚಾಲೆಂಜರ್ ಕಹಿಗೂ ಸೈ, ಪರಿಮಳಕ್ಕೂ ಸೈ. ಒಂದೇ ಪೊಟ್ಟಣ ಕೊಳ್ಳುವಷ್ಟು ಮಾತ್ರ ಹಣವಿದ್ದರೆ ಇದನ್ನೇ ಕೊಳ್ಳಬಹುದು. ನಾರ್ತ್‌ಡೌನ್ ಕೂಡ ಅದೇ ಬಗೆಯದು, ಚೆನ್ನಾಗಿ ದಾಸ್ತಾನು ತಡೆಯುತ್ತದೆ. ಟಾರ್ಗೆಟ್ ಸೊರಗು ರೋಗವನ್ನು ತಡೆದುಕೊಳ್ಳುವ, ಶೇ 10ರ ಆಸುಪಾಸು ಆಲ್ಫಾ ಇರುವ ಕಟುವಾದ ಕಹಿಯ ತಳಿ. ಮೊದಲ ಕುದಿಗೆ ಲಾಭದಾಯಕ, ಆದರೆ ಬೇಗ ಹಳಸುತ್ತದೆ. 1990ರ ದಶಕದ ಫಸ್ಟ್ ಗೋಲ್ಡ್ ಗಿಡ್ಡ ಬಳ್ಳಿಯ ತಳಿ. ಎತ್ತರದ ಕಂಬ, ಏಣಿಗಳ ಖರ್ಚು ಉಳಿಸಲೆಂದು ರೂಪಿಸಿದ್ದಾದರೂ ಅದರ ಕಿತ್ತಳೆ ಗಂಧ ಗೋಲ್ಡಿಂಗ್‌ಗೆ ಹತ್ತಿರ. ಅಮೆರಿಕನ್ ರುಚಿಯ ಮೋಹ ಬಿಡದವರಿಗೆಂದು ಬಂದ ಜೆಸ್ಟರ್‌ನಂತಹ ತೀರಾ ಹೊಸ ತಳಿಗಳೂ ಇವೆ.

ಇಷ್ಟೆಲ್ಲಾ ತಳಿ ಬಂದರೂ ಬ್ರಿಟನ್ನಿನ ಹಾಪ್ಸ್ ಕೃಷಿ ಕುಗ್ಗುತ್ತಲೇ ಬಂದಿದೆ. 1878ರಲ್ಲಿ ಸುಮಾರು 72 ಸಾವಿರ ಎಕರೆ ಇದ್ದ ತೋಟಗಳಲ್ಲಿ ಈಗ ಇಪ್ಪತ್ತರಲ್ಲಿ ಒಂದು ಪಾಲೂ ಉಳಿದಿಲ್ಲ.

ಪೊಟ್ಟಣದ ಮೇಲಿನ ಅಂಕಿ

ತಳಿಯ ಹೆಸರಿಗಿಂತ ಹೆಚ್ಚು ಗಮನಿಸಬೇಕಾದದ್ದು ಪೊಟ್ಟಣದ ಮೇಲೆ ಮುದ್ರಿತವಾದ ಎರಡು ಅಂಕಿಗಳನ್ನು: ಆಲ್ಫಾ ಪ್ರಮಾಣ ಮತ್ತು ಕೊಯ್ಲಿನ ವರ್ಷ. ಹೊಸಬರು ಸೋಲುವುದು ಬಹುತೇಕ ಇಲ್ಲಿಯೇ.

ಬಿಯರ್‌ನ ಕಹಿಯನ್ನು ಐಬಿಯು ಎಂಬ ಮಾನದಲ್ಲಿ ಅಳೆಯುತ್ತಾರೆ. ಒಂದು ಐಬಿಯು ಎಂದರೆ ಸರಿಸುಮಾರು ಲೀಟರಿಗೆ ಒಂದು ಮಿಲಿಗ್ರಾಂ ರೂಪಾಂತರಗೊಂಡ ಆಲ್ಫಾ ಆಮ್ಲ. ಸಾಧಾರಣ ಇಂಗ್ಲಿಷ್ ಬಿಟ್ಟರ್‌ಗೆ 30 ಐಬಿಯು ಸಾಕು. 20 ಲೀಟರ್ ತಯಾರಿಸುವುದಾದರೆ 600 ಮಿಲಿಗ್ರಾಂ ಕರಗಬೇಕು. ಒಂದು ಗಂಟೆ ಕುದಿಸಿದಾಗ ಹಾಕಿದ ಆಲ್ಫಾದಲ್ಲಿ ಸುಮಾರು ಕಾಲುಭಾಗ ಮಾತ್ರ ಬಿಯರ್‌ಗೆ ದಕ್ಕುವುದರಿಂದ 2,400 ಮಿಲಿಗ್ರಾಂ ಹಾಕಬೇಕಾಗುತ್ತದೆ. ಶೇ 5 ಆಲ್ಫಾ ಇರುವ ಗೋಲ್ಡಿಂಗ್ ಆದರೆ 48 ಗ್ರಾಂ. ಶೇ 10ರ ಟಾರ್ಗೆಟ್ ಆದರೆ 24 ಗ್ರಾಂ. ಗೋಲ್ಡಿಂಗ್‌ಗೆ ಬರೆದ ಅಳತೆಯನ್ನು ನಂಬಿ ಅಷ್ಟೇ ತೂಕದ ಟಾರ್ಗೆಟ್ ಸುರಿದವರಿಗೆ ಸಿಗುವುದು 60 ಐಬಿಯು, ಅಂದರೆ ಹಾಗಲಕಾಯಿ ಕಷಾಯ.

ಇನ್ನು ಹಳಸಿದ ಹೂವಿನ ಮಾತು. ಬ್ರಿಟನ್ನಿನಲ್ಲಿ ಹಾಪ್ಸ್ ಕೊಯ್ಲು ಮುಖ್ಯವಾಗಿ ಸೆಪ್ಟೆಂಬರ್‌ನಲ್ಲಿ. ನಂತರ ವರ್ಷವಿಡೀ ಮಾರಾಟವಾಗುವುದು ಅದೇ ದಾಸ್ತಾನು. 20 ಡಿಗ್ರಿ ಉಷ್ಣತೆಯಲ್ಲಿ ಗಾಳಿಯಾಡುವಂತೆ ಇಟ್ಟರೆ ಆರು ತಿಂಗಳಲ್ಲಿ ತಳಿಯನ್ನು ಅನುಸರಿಸಿ ಆಲ್ಫಾದ ಕಾಲುಭಾಗದಿಂದ ಅರ್ಧದವರೆಗೂ ನಷ್ಟವಾಗುತ್ತದೆ. ಶೇ 5 ಇದ್ದದ್ದು ಶೇ 3.5ಕ್ಕೆ ಇಳಿದಿದ್ದರೆ ಅದೇ 48 ಗ್ರಾಂ ಕೊಡುವುದು 21 ಐಬಿಯು ಮಾತ್ರ. ಬೆಂಗಳೂರಿನ ಏಪ್ರಿಲ್ ಬಿಸಿಲಿನಲ್ಲಿ ತಂಪಿಲ್ಲದ ಗೋದಾಮಿನಲ್ಲಿ ಬಿದ್ದಿರುವ ಸರಕಿನ ಪಾಡನ್ನು ಊಹಿಸಬಹುದು. ನಿರ್ವಾತ ಪೊಟ್ಟಣದಲ್ಲಿ, ಫ್ರೀಜರ್‌ನಲ್ಲಿ ಇಟ್ಟ ಸರಕನ್ನೇ ಕೇಳಿ ಪಡೆಯಬೇಕು. ಮುರಿದು ಮೂಸಿದರೆ ಹಸಿರು ಸೊಪ್ಪಿನ ಪರಿಮಳ ಬರಬೇಕು. ಕಂದುಬಣ್ಣಕ್ಕೆ ತಿರುಗಿ, ಬೆವರಿದ ಕಾಲುಚೀಲದ ನಾತ ಬಂದರೆ ಅದು ಎಂತಹ ಪ್ರಸಿದ್ಧ ತಳಿಯಾಗಿದ್ದರೂ ಕಸಕ್ಕೆ ಸಮ. ಸಿದ್ಧವಾದ ಬಿಯರನ್ನು ಕಂದು ಬಾಟಲಿಯಲ್ಲಿ ಕತ್ತಲಲ್ಲಿಡುವುದೂ ಹಾಪ್ಸ್‌ನ ಕಾರಣಕ್ಕೇ. ಬೆಳಕು ತಾಗಿದರೆ ಕರಗಿದ ಕಹಿ ಅಂಶವೇ ಒಡೆದು ದುರ್ವಾಸನೆ ಹುಟ್ಟಿಸುತ್ತದೆ. ಮನೆಯಲ್ಲಿ ನಾಯಿ ಇದ್ದವರು ಕುದಿಸಿ ಬಸಿದ ಚರಟವನ್ನು ಅದಕ್ಕೆ ಸಿಗದಂತೆ ಎಸೆಯಬೇಕು. ಹಾಪ್ಸ್ ತಿಂದ ನಾಯಿಯ ಮೈಬಿಸಿ ವಿಪರೀತ ಏರಿ ಪ್ರಾಣಕ್ಕೇ ಕುತ್ತು ಬರುವುದುಂಟು.

ನೀರಿನ ಪಾತ್ರ

ಒಂದೇ ಹಾಪ್ಸ್ ಎರಡು ಊರಿನ ನೀರಿನಲ್ಲಿ ಎರಡು ರುಚಿ ಕೊಡುತ್ತದೆ. ಇಂಗ್ಲೆಂಡಿನ ಬರ್ಟನ್ ಪಟ್ಟಣದ ನೀರಿನಲ್ಲಿ ಜಿಪ್ಸಂ ಅಂಶ ಹೇರಳ. ಅದರಿಂದ ಹಾಪ್ಸ್ ಕಹಿ ಚುರುಕಾಗಿ, ಒಣದಾಗಿ ನಾಲಿಗೆಗೆ ತಾಗುತ್ತದೆ. ಅಲ್ಲಿನ ಪೇಲ್ ಏಲ್ ಹೆಸರಾದದ್ದು ಹಾಗೆ. ಲಂಡನ್ನಿನ ನೀರಿನಲ್ಲಿ ಕಾರ್ಬೊನೇಟ್ ಹೆಚ್ಚು, ಹಾಗಾಗಿ ಅಲ್ಲಿ ಕಪ್ಪು ಪೋರ್ಟರ್ ಮೆರೆಯಿತು. ಕಾರ್ಬೊನೇಟ್ ಹೆಚ್ಚಿರುವ ನೀರಿನಲ್ಲಿ ತಿಳಿಬಣ್ಣದ ಬಿಯರ್ ಮಾಡಿದರೆ ಹಾಪ್ಸ್ ಕಹಿ ಒರಟಾಗಿ ಗಂಟಲಲ್ಲಿ ನಿಲ್ಲುತ್ತದೆ.

ಕೊಳವೆಬಾವಿಯ ಗಡಸು ನೀರು ಬೆಂಗಳೂರಿನ ಘಟಕಗಳಿಗೂ ತಲೆನೋವೇ. ಪಾವಗಡ, ಶಿರಾ ಭಾಗದ ಅಂತರ್ಜಲದಲ್ಲಂತೂ ಗಡಸುತನದ ಜೊತೆಗೆ ಫ್ಲೋರೈಡ್ ಇದೆ. ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಬಿಯರ್ ಮಾತು ಹಾಗಿರಲಿ, ಅಡುಗೆಗೂ ಈ ಎಚ್ಚರ ಬೇಕು. ಪರವಾನಗಿ ಇರುವ ಘಟಕಗಳು ಆರ್‌ಒ ಶುದ್ಧೀಕರಣದಿಂದ ಖನಿಜಗಳನ್ನೆಲ್ಲ ತೆಗೆದು, ನಂತರ ಬೇಕಾದಷ್ಟು ಜಿಪ್ಸಂ ಸೇರಿಸಿಕೊಳ್ಳುವುದು ಸಾಮಾನ್ಯ ಕ್ರಮ.

ನಮ್ಮಲ್ಲಿ ಬೆಳೆಯಬಹುದೇ?

ಶೇಂಗಾ ಕೈಕೊಟ್ಟಾಗಲೆಲ್ಲ ಹೊಸ ಬೆಳೆಯ ಮಾತು ಕೇಳಿಬರುವ ಸೀಮೆ ಇದು. 2000ದ ದಶಕದ ಆರಂಭದಲ್ಲಿ ವೆನಿಲಾ ಬೆಲೆ ಗಗನಕ್ಕೇರಿ, ನೆಟ್ಟ ಬಳ್ಳಿ ಫಸಲು ಕೊಡುವ ಹೊತ್ತಿಗೆ ಪಾತಾಳಕ್ಕಿಳಿದದ್ದು ರಾಜ್ಯದ ರೈತರಿಗೆ ಮರೆತಿಲ್ಲ. ಆದ್ದರಿಂದ ಆಮದು ಹಾಪ್ಸ್‌ನ ಬೆಲೆ ಕೇಳಿ ಯಾರಾದರೂ ಸಸಿ ತರಿಸುವ ಮೊದಲು ಒಂದು ಲೆಕ್ಕ ತಿಳಿದಿರಲಿ. ಅದು ನೀರಿನ ಲೆಕ್ಕವಲ್ಲ, ಹಗಲಿನ ಲೆಕ್ಕ.

ಹಾಪ್ಸ್ ಬಳ್ಳಿ ಹಗಲಿನ ಉದ್ದವನ್ನು ನೋಡಿ ನಡೆಯುವ ಸಸ್ಯ. ಕೆಂಟ್ ಇರುವ 51 ಡಿಗ್ರಿ ಅಕ್ಷಾಂಶದಲ್ಲಿ ಜೂನ್ ತಿಂಗಳ ಹಗಲು ಹದಿನಾರು ಗಂಟೆಗೂ ಹೆಚ್ಚು. ಆ ದೀರ್ಘ ಹಗಲಿನಲ್ಲಿ ಬಳ್ಳಿ ಐದಾರು ಮೀಟರ್ ಎತ್ತರಕ್ಕೆ ಹಬ್ಬಿ, ಹಗಲು ಕುಗ್ಗತೊಡಗಿದಾಗ ಹೂ ಬಿಡುತ್ತದೆ. ಬರಗೂರು ಇರುವುದು ಸುಮಾರು 14 ಡಿಗ್ರಿಯಲ್ಲಿ. ಇಲ್ಲಿನ ಅತಿ ದೀರ್ಘ ಹಗಲೂ 13 ಗಂಟೆಯಷ್ಟೇ. ಬಳ್ಳಿ ಮೊಣಕಾಲೆತ್ತರಕ್ಕೆ ಬೆಳೆಯುವುದರೊಳಗೆ ಹೂ ಬಿಡುವ ಕಾಲ ಬಂತೆಂದು ಭಾವಿಸುತ್ತದೆ. ಇಳುವರಿ ಹಿಡಿಯಷ್ಟು. ಚಳಿಗಾಲದ ನಿದ್ರೆಯೂ ಅದಕ್ಕೆ ಬೇಕು, ಅದೂ ಇಲ್ಲಿ ಇಲ್ಲ. ದಕ್ಷಿಣ ಆಫ್ರಿಕದಲ್ಲಿ 34 ಡಿಗ್ರಿಯಲ್ಲಿಯೇ ಹಗಲು ಸಾಲದೆ ತೋಟಗಳಿಗೆ ವಿದ್ಯುತ್ ದೀಪ ಹಾಕಬೇಕಾಗಿತ್ತು, ಬಳಿಕ ಅಲ್ಲಿಗೆಂದೇ ಬೇರೆ ತಳಿ ರೂಪಿಸಿದರು. ಬ್ರೆಜಿಲ್‌ನಲ್ಲಿ ಈಗಲೂ ದೀಪದ ಬೆಳಕಿನಲ್ಲಿ ಬೆಳೆಯುವ ಪ್ರಯತ್ನ ನಡೆದಿದೆ. ಭಾರತದಲ್ಲಿ ಹಾಪ್ಸ್ ಒಗ್ಗಿದ್ದು ಕಾಶ್ಮೀರ ಹಾಗೂ ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಗೆ ಮಾತ್ರ. ದೇಶದ ಬೇಡಿಕೆಯ ಬಹುಪಾಲು ಆಮದಿನಿಂದಲೇ ಈಡೇರುತ್ತದೆ.

ಹೊಲದ ಮಟ್ಟಿಗೆ ನೋಡಿದರೆ, ಬಿಯರ್‌ಗೆ ಬೇಕಾದ ವಸ್ತುಗಳಲ್ಲಿ ಈ ಸೀಮೆಯಲ್ಲಿ ಬೆಳೆಯುವುದು ಹೂವಲ್ಲ, ಧಾನ್ಯ. ಮೊಳಕೆ ಬರಿಸಿದ ರಾಗಿಯಲ್ಲಿ ಪಿಷ್ಟವನ್ನು ಸಕ್ಕರೆಯಾಗಿಸುವ ಶಕ್ತಿ ಚೆನ್ನಾಗಿದೆ, ಮಕ್ಕಳಿಗೆ ಕುಡಿಸುವ ರಾಗಿ ಮಾಲ್ಟ್ ಸಿಹಿಯಾಗುವುದು ಅದರಿಂದಲೇ. ಉಗಾಂಡದಲ್ಲಿ ರಾಗಿಯಿಂದ ಬಿಯರ್ ತಯಾರಿಸುವ ಸಂಪ್ರದಾಯ ಹಳೆಯದು. ಸಿಕ್ಕಿಂ, ನೇಪಾಳದ ಬೆಟ್ಟಗಳಲ್ಲಿ ಹುದುಗಿಸಿದ ರಾಗಿಗೆ ಬಿಸಿನೀರು ಹೊಯ್ದು, ಕೊಳವೆಯಿಂದ ಹೀರುವ ತೊಂಗ್ಬಾ ಇಂದಿಗೂ ಮನೆಮನೆಯ ಪಾನೀಯ. ಎರಡರಲ್ಲಿಯೂ ಹಾಪ್ಸ್ ಹಾಕುವ ರೂಢಿಯಿಲ್ಲ, ಈಚಲ ಸೇಂದಿಯಂತೆ ಅವುಗಳನ್ನೂ ಮಾಡಿದ ಕೆಲವೇ ದಿನಗಳಲ್ಲಿ ಕುಡಿದು ಮುಗಿಸುತ್ತಾರೆ.